ಏಳು ವರ್ಷದ ಲೆಕ್ಕವನ್ನು ನಂಬಬೇಡಿ

ಮನೆಯನ್ನು ಮಕ್ಕಳ ಹೆಸರಿಗೆ ಬರೆದುಕೊಟ್ಟು ಏಳು ವರ್ಷ ಕಳೆದರೆ, ಹೆತ್ತವರ ಕೇರ್ ಹೋಮ್ (ವೃದ್ಧರ ಆರೈಕೆಯ ನಿವಾಸ) ಶುಲ್ಕಕ್ಕಾಗಿ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಅದನ್ನು ಮುಟ್ಟುವಂತಿಲ್ಲ ಎಂದು ಒಂದು ಲೇಖನದಲ್ಲಿ ಓದಿದೆ. ಇಂಗ್ಲೆಂಡಿನಲ್ಲಿರುವ ನಮ್ಮವರು ದಯವಿಟ್ಟು ಇದನ್ನು ನಂಬಿ ಕೂರಬೇಡಿ. ಏಳು ವರ್ಷದ ಲೆಕ್ಕ ಇರುವುದು ಉತ್ತರಾಧಿಕಾರ ತೆರಿಗೆಗೆ. ಆರೈಕೆಯ ಶುಲ್ಕಕ್ಕೆ ಅಂಥ ಕಾಲಮಿತಿಯೇ ಇಲ್ಲ. ಶುಲ್ಕ ತಪ್ಪಿಸಲೆಂದೇ ಮನೆ ಕೊಟ್ಟಿದ್ದಾರೆ ಎಂದು ಕೌನ್ಸಿಲ್ ತೀರ್ಮಾನಿಸಿದರೆ, ಆ ಮನೆ ಇನ್ನೂ ಅದನ್ನು ಕೊಟ್ಟ ಅಮ್ಮನದೇ ಎಂದು ಲೆಕ್ಕ ಹಾಕುತ್ತದೆ. ನನಗೆ ಅದಕ್ಕಿಂತ ದೊಡ್ಡ ಭಯ ಬೇರೆ. ಮನೆ ಮಗನ ಹೆಸರಿಗೆ ಹೋದ ಮೇಲೆ ಅವನ ಸಾಲ, ಅವನ ವಿಚ್ಛೇದನ ಎಲ್ಲವೂ ಆ ತಾಯಿಯ ತಲೆಯ ಮೇಲಿನ ಸೂರಿಗೇ ಬಂದು ತಗುಲಬಹುದು.

ಕಾನೂನಿನೊಳಗೇ ಸಾಕಷ್ಟು ರಕ್ಷಣೆಯಿದೆ. ಗಂಡ ಅಥವಾ ಹೆಂಡತಿ, ಇಲ್ಲವೇ 60 ತುಂಬಿದ ಬಂಧು ಮೊದಲಿನಿಂದಲೂ ಅಲ್ಲಿ ವಾಸವಿದ್ದರೆ ಮನೆಯನ್ನು ಪರಿಗಣಿಸುವುದಿಲ್ಲ. ನಮ್ಮ ಅತ್ತೆಯವರು ಕೇರ್ ಹೋಮ್ ಸೇರಿದಾಗ ಮಾವನವರು ಮನೆಯಲ್ಲೇ ಇದ್ದರು. ಆಸ್ತಿಯ ಲೆಕ್ಕದ ಪತ್ರ ಬಂದಾಗ ಮನೆಯ ಮುಂದೆ ಇದ್ದದ್ದು ಸೊನ್ನೆ. ಆ ಪತ್ರವನ್ನು ಮಾವನವರು ಎಷ್ಟೋ ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದರು.

ಒಂಟಿಯಾಗಿದ್ದವರಿಗೂ ದಾರಿಯಿದೆ. ಮನೆ ಬಿಟ್ಟು ಉಳಿದ ಉಳಿತಾಯ 23,250 ಪೌಂಡಿಗಿಂತ ಕಡಿಮೆಯಿದ್ದರೆ, ಕಾಯಂ ಆಗಿ ಸೇರಿದ ಮೊದಲ 12 ವಾರ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಮೇಲೆ ಶುಲ್ಕ ಮುಂದೂಡುವ ಒಪ್ಪಂದ ಕೇಳಬಹುದು; ಬಡ್ಡಿ ಬೀಳುತ್ತದೆ, ಆದರೆ ಅವರು ಬದುಕಿರುವಾಗ ಮನೆ ಮಾರಬೇಕಿಲ್ಲ. ಇದೆಲ್ಲಕ್ಕೂ ಮೊದಲು ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಕಂಟಿನ್ಯೂಯಿಂಗ್ ಹೆಲ್ತ್‌ಕೇರ್ (ಗಂಭೀರ ಆರೋಗ್ಯ ಅಗತ್ಯವಿರುವವರ ಆರೈಕೆಯ ವೆಚ್ಚವನ್ನು ಪೂರ್ತಿ ಭರಿಸುವ ಸೌಲಭ್ಯ) ಮೌಲ್ಯಮಾಪನಕ್ಕೆ ಪಟ್ಟು ಹಿಡಿಯಿರಿ. ಅದು ಸಿಕ್ಕರೆ ಆಸ್ತಿಯ ಪ್ರಶ್ನೆಯನ್ನೇ ಯಾರೂ ಎತ್ತುವುದಿಲ್ಲ.