ಅಮೆರಿಕದ ಹೈಸ್ಕೂಲು ಶಿಕ್ಷಣ ಮತ್ತು ಪೌರತ್ವ ಪರೀಕ್ಷೆ: ಒಂದು ಸ್ಪಷ್ಟನೆ

ವಲಸಿಗರು ಪೌರತ್ವಕ್ಕಾಗಿ ಎದುರಿಸುವ ಪರೀಕ್ಷೆಯಲ್ಲಿ ತೇರ್ಗಡೆಯಾಗದೆ ಅಮೆರಿಕದಲ್ಲಿ ಯಾವ ವಿದ್ಯಾರ್ಥಿಯೂ ಹೈಸ್ಕೂಲು ಮುಗಿಸುವಂತಿಲ್ಲ, ಇದು ಅಲ್ಲಿನ ಕೇಂದ್ರ ಸರ್ಕಾರದ ಕಾನೂನು ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

ಅಮೆರಿಕದಲ್ಲಿ ಶಾಲಾ ಶಿಕ್ಷಣವು ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯವಾಗಿದ್ದು, ಹೈಸ್ಕೂಲು ಪ್ರಮಾಣಪತ್ರಕ್ಕೆ ಏನೇನು ಬೇಕೆಂಬುದನ್ನು ಆಯಾ ರಾಜ್ಯಗಳೇ ನಿರ್ಧರಿಸುತ್ತವೆ. ಪಠ್ಯಕ್ರಮದ ಮೇಲೆ ಕೇಂದ್ರ ಶಿಕ್ಷಣ ಇಲಾಖೆ ಹಿಡಿತ ಸಾಧಿಸದಂತೆ, ಆ ಇಲಾಖೆಯನ್ನು ಸ್ಥಾಪಿಸಿದ 1979ರ ಕಾಯ್ದೆಯೇ ನಿರ್ಬಂಧಿಸಿದೆ.

ಈ ತಪ್ಪು ತಿಳಿವಳಿಕೆಗೆ ಮೂಲವೂ ಇಲ್ಲದಿಲ್ಲ. 2015ರ ಜನವರಿಯಲ್ಲಿ ಅರಿಜೋನಾ ರಾಜ್ಯವು, ಪೌರತ್ವ ಪರೀಕ್ಷೆಯ 100 ಪ್ರಶ್ನೆಗಳ ಪೈಕಿ ಕನಿಷ್ಠ 60ಕ್ಕೆ ಸರಿಯುತ್ತರ ನೀಡಿದವರಿಗೆ ಮಾತ್ರ ಹೈಸ್ಕೂಲು ಪ್ರಮಾಣಪತ್ರ ನೀಡಬೇಕೆಂಬ ಕಾನೂನನ್ನು ದೇಶದಲ್ಲೇ ಮೊದಲಿಗೆ ತಂದಿತು. ಅನುತ್ತೀರ್ಣರಾದವರು ಮತ್ತೆ ಬರೆಯಬಹುದು ಎಂಬ ಮುಖ್ಯ ಅಂಶವನ್ನು ಸಂದೇಶ ಕೈಬಿಟ್ಟಿದೆ. ಬಳಿಕ ಇನ್ನೂ ಕೆಲವು ರಾಜ್ಯಗಳು ಇದೇ ಹಾದಿ ಹಿಡಿದವು. ಇಲಿನಾಯ್ ರಾಜ್ಯವಾದರೋ ಇಂಥ ಪರೀಕ್ಷೆಯ ಬದಲು ಒಂದು ಸೆಮಿಸ್ಟರಿನ ಪೌರನೀತಿ ತರಗತಿಯನ್ನು ಕಡ್ಡಾಯಗೊಳಿಸಿತು. ಪ್ರಶ್ನೋತ್ತರಗಳ ಬಾಯಿಪಾಠಕ್ಕಿಂತ ಇದು ಹೆಚ್ಚು ಅರ್ಥಪೂರ್ಣವೆಂದೇ ನನ್ನ ಭಾವನೆ.

ಅಲ್ಲಿ ನೆಲೆಸಿರುವ ಕನ್ನಡಿಗ ಪೋಷಕರು ಗಮನಿಸಬೇಕಾದ ಮಾತೊಂದಿದೆ: ಶಾಲೆಯ ಈ ಪರೀಕ್ಷೆಯಲ್ಲಿ ಉತ್ತೀರ್ಣರಾದ ಮಾತ್ರಕ್ಕೆ ಮಕ್ಕಳಿಗೆ ಪೌರತ್ವ ಸಿಗುವುದಿಲ್ಲ, ಅದಕ್ಕೆ ವಲಸೆ ಇಲಾಖೆಯ ಪ್ರಕ್ರಿಯೆಯೇ ಬೇರೆ.