ಮುಂದಿನ ಚಕ್ರ ಯಾವತ್ತಾದರೂ ಬಿಚ್ಚಿದ್ದೀರಾ?

ಕರಾವಳಿಯಲ್ಲಿ ಬೈಕ್ ಇಟ್ಟುಕೊಂಡವರು ವರ್ಷಕ್ಕೊಮ್ಮೆಯಾದರೂ ಮುಂದಿನ ಚಕ್ರ ಬಿಚ್ಚಿ ಆಕ್ಸಲ್ (ಚಕ್ರದ ನಡುವೆ ತೂರಿರುವ ದಪ್ಪ ಸರಳು) ಹೊರಗೆ ತೆಗೆಯಬೇಕು ಅಂತ ನಾನು ಹೇಳಿದಾಗೆಲ್ಲ ಗೆಳೆಯರು ನಗುತ್ತಾರೆ. ಪಂಕ್ಚರ್ ಆಗದೆ ಸುಮ್ನೆ ಯಾಕೆ ಬಿಚ್ಚೋದು ಮಾರಾಯ, ಸರ್ವಿಸ್‌ಗೆ ಕೊಡ್ತೀವಲ್ಲ, ಅವರೇ ನೋಡ್ಕೊಳ್ತಾರೆ ಅಂತಾರೆ.

ನೋಡಿಕೊಳ್ಳುವುದಿಲ್ಲ. ಮಾಮೂಲಿ ಸರ್ವಿಸ್‌ನಲ್ಲಿ ಆಯಿಲ್ ಬದಲಿಸುತ್ತಾರೆ, ಚೈನ್ ಬಿಗಿ ಮಾಡುತ್ತಾರೆ, ಕೊನೆಗೆ ಜೋರಾಗಿ ನೀರು ಹೊಡೆದು ಫಳಫಳ ಅನ್ನಿಸಿ ಕೊಡುತ್ತಾರೆ. ಆ ನೀರೇ ಒಂದು ತಾಪತ್ರಯ. ಪ್ರೆಶರ್ ಪಂಪಿನ ನೀರು ನೇರವಾಗಿ ಚಕ್ರದ ನಡುವಿನ ಹಬ್‌ಗೆ ಬಿದ್ದರೆ ರಬ್ಬರ್ ಸೀಲ್ ದಾಟಿ ಒಳಗೆ ಹೋಗುತ್ತದೆ, ಹೋದ ನೀರು ಬೇಗ ಹೊರಗೆ ಬರುವುದಿಲ್ಲ.

ಇನ್ನು ನಮ್ಮೂರು ಕಾರವಾರದ ಹವೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ, ಉಳಿದ ದಿನ ಉಪ್ಪು ಗಾಳಿ. ಸಾಲದ್ದಕ್ಕೆ ಬೈತಖೋಲದ ಮೀನುಗಾರಿಕೆ ಬಂದರಿನ ಕಡೆಯಿಂದ ಬರುವ ಮೀನಿನ ಗಾಡಿಗಳ ಹಿಂದೆ ಹೋದರೆ ಅವು ಸುರಿಸುವ ನೀರೆಲ್ಲ ನಮ್ಮ ಮುಂದಿನ ಚಕ್ರಕ್ಕೇ. ಮಾಜಾಳಿ, ಗೋಕರ್ಣದ ಕಡೆ ಹೋಗಿ ಅಲೆಯ ಅಂಚಿನಲ್ಲಿ ಬೈಕ್ ಓಡಿಸಿ ರೀಲ್ಸ್ ಮಾಡುವವರ ಬಗ್ಗೆ ನಾನು ಏನೂ ಹೇಳುವುದಿಲ್ಲ, ಅವರ ಆಕ್ಸಲ್ಲೇ ಹೇಳುತ್ತದೆ. ಆಕ್ಸಲ್ ಉಕ್ಕಿನದು, ಅದು ಕೂರುವ ಶಾಕ್‌ನ (ಮುಂದಿನ ಶಾಕ್ ಅಬ್ಸಾರ್ಬರಿನ) ಕೆಳಭಾಗ ಅಲ್ಯೂಮಿನಿಯಮ್‌ನದು. ಎರಡರ ನಡುವೆ ಉಪ್ಪುನೀರು ಸೇರಿದರೆ ಒಂದು ಕಡೆ ಕೆಂಪು ತುಕ್ಕು, ಇನ್ನೊಂದು ಕಡೆ ಬಿಳಿ ಪುಡಿ, ಎರಡೂ ಸೇರಿ ಆಕ್ಸಲ್ ಅನ್ನು ಕಚ್ಚಿ ಹಿಡಿದುಬಿಡುತ್ತವೆ. ಆಮೇಲೆ ದೇವಿಮನೆ ಘಾಟಿಯಲ್ಲಿ ಮಳೆಗೆ ಪಂಕ್ಚರ್ ಆದರೆ ಅಲ್ಲಿ ಯಾರ ಪಾನಾಕ್ಕೂ ಅದು ಅಲುಗುವುದಿಲ್ಲ. ಘಟ್ಟದ ಮೇಲಿನ ಶಿರಸಿ ಕಡೆಯವರಿಗೆ ಉಪ್ಪಿನ ಕಾಟ ಇಲ್ಲ, ಆದರೆ ಕೆಂಪು ಕೆಸರಿನ ಕಾಟ ಇದ್ದೇ ಇದೆ.

ಬಿಚ್ಚುವುದು ಅಂಥ ದೊಡ್ಡ ಕೆಲಸ ಅಲ್ಲ. ಆಕ್ಸಲ್ ನಟ್ ಅನ್ನು ಚಕ್ರ ನೆಲದ ಮೇಲೆ ಇರುವಾಗಲೇ ಸಡಿಲ ಮಾಡಿಕೊಳ್ಳಬೇಕು, ಎತ್ತಿದ ಮೇಲೆ ಬಲ ಹಾಕಿದರೆ ಬೈಕ್ ಸ್ಟ್ಯಾಂಡಿನಿಂದ ಜಾರುತ್ತದೆ. ಬುಲೆಟ್‌ನಂಥ ಗಾಡಿಯಲ್ಲಿ ಶಾಕ್‌ನ ತುದಿಯಲ್ಲಿ ಆಕ್ಸಲ್ ಹಿಡಿಯುವ ಬೇರೆ ಬೋಲ್ಟುಗಳೂ ಇರುತ್ತವೆ, ಅವನ್ನೂ ಮರೆಯಬೇಡಿ. ಸೆಂಟರ್ ಸ್ಟ್ಯಾಂಡ್ ಹಾಕಿ ಎಂಜಿನ್ ಅಡಿಗೆ ಜ್ಯಾಕ್ ಕೊಡಿ, ನಡುವೆ ದಪ್ಪ ಹಲಗೆ ಇರಲಿ. ಚಿರೇಕಲ್ಲು (ಜಂಬಿಟ್ಟಿಗೆ) ಮಾತ್ರ ಬೇಡ. ನಮ್ಮ ಅಂಗಳದಲ್ಲಿ ಕೈಗೆ ಮೊದಲು ಸಿಗುವುದೇ ಅದು, ಆದರೆ ಅಂಚು ಒಡೆದು ಪುಡಿಯಾಗುತ್ತದೆ. ಸೈಲೆನ್ಸರ್ ಪೈಪಿನ ಮೇಲಾಗಲಿ, ಆಯಿಲ್ ಬಿಡುವ ಬೋಲ್ಟಿನ ಮೇಲಾಗಲಿ ಭಾರ ಬೀಳಬಾರದು.

ಆಕ್ಸಲ್ ಕಚ್ಚಿದ್ದರೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ, ಡಿಸ್ಕಿಗೆ ತಾಗದ ಹಾಗೆ. ಬೆಳಿಗ್ಗೆ ನಟ್ ಅನ್ನು ಆಕ್ಸಲ್ ತುದಿಗೆ ಸಮವಾಗಿ ತಿರುಗಿಸಿ ಕೂರಿಸಿ, ಮರದ ತುಂಡು ಇಟ್ಟು ಬಡಿಯಿರಿ. ಬರೀ ಆಕ್ಸಲ್ ತುದಿಗೆ ಸುತ್ತಿಗೆ ಏಟು ಹಾಕಿದರೆ ಮರೆ (ಥ್ರೆಡ್) ಹಾಳಾಗಿ ನಟ್ ಮತ್ತೆ ಹತ್ತುವುದೇ ಇಲ್ಲ. ಚಕ್ರ ಇಳಿಸುವಾಗ ಎರಡೂ ಕಡೆ ಆಕ್ಸಲ್ ಮೇಲೆ ಕೂರುವ ಕೊಳವೆಯಂಥ ಬುಶ್ ಯಾವುದು ಎಲ್ಲಿತ್ತು ಅಂತ ಮೊಬೈಲಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಅವೆರಡರ ಉದ್ದ ಬೇರೆ ಬೇರೆ ಇರಬಹುದು, ಅದಲು ಬದಲಾದರೆ ಚಕ್ರ ನಡುವೆ ಕೂರುವುದಿಲ್ಲ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಹೊರಗಿರುವಾಗ ಯಾರೂ ಬ್ರೇಕ್ ಒತ್ತಬಾರದು, ಒತ್ತಿದರೆ ಪಿಸ್ಟನ್ ಮುಂದೆ ಬಂದು ಡಿಸ್ಕ್ ಮತ್ತೆ ನಡುವೆ ತೂರುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಡಿಸ್ಕ್ ಹಿಡಿಯುವ ಪ್ಯಾಡ್‌ಗಳ ನಡುವೆ ದಪ್ಪ ರಟ್ಟು ಸಿಕ್ಕಿಸಿಡುವುದು ವಾಸಿ. 2019ರ ಏಪ್ರಿಲ್ 1ರ ನಂತರ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ ಆಗಿದೆ, ನಿಮ್ಮದು ಅಂಥದ್ದಾದರೆ ಚಕ್ರದ ಹತ್ತಿರ ಸೆನ್ಸರ್ ವೈರ್ ಇರುತ್ತದೆ. ಅದನ್ನು ಎಳೆಯಬೇಡಿ.

ಬೇರಿಂಗ್ ಒಳಗೆ ಬೆರಳು ಹಾಕಿ ತಿರುಗಿಸಿ ನೋಡಿ. ನುಣ್ಣಗೆ ತಿರುಗಿದರೆ ಸರಿ. ಗರಗರ ಅಂದರೆ, ತಡೆದು ತಡೆದು ತಿರುಗಿದರೆ ಬದಲಿಸುವ ಕಾಲ ಬಂದಿದೆ. ಆ ಕೆಲಸ ಮೆಕ್ಯಾನಿಕ್‌ಗೇ ಕೊಡಿ, ನಾನೂ ಕೊಡುತ್ತೇನೆ. ಅಡ್ಡಾದಿಡ್ಡಿ ಬಡಿದು ಕೂರಿಸಿದ ಬೇರಿಂಗ್ ಜಾಸ್ತಿ ದಿನ ಬಾಳುವುದಿಲ್ಲ.

ನಿಜವಾದ ಕೆಲಸ ಇರುವುದು ವಾಪಸ್ ಜೋಡಿಸುವುದರಲ್ಲಿ, ಯೂಟ್ಯೂಬಿನವರು ಓಡಿಸಿ ಮುಗಿಸುವುದೂ ಅದನ್ನೇ. ಆಕ್ಸಲ್ ಅನ್ನು ಎಮರಿ ಪೇಪರಿನಲ್ಲಿ ಉಜ್ಜಿ ತೆಳ್ಳಗೆ ಗ್ರೀಸ್ ಸವರಿ, ಮೆತ್ತಬೇಡಿ. ಟೈರಿನ ಮೇಲಿನ ಬಾಣ ಮುಂದಕ್ಕೆ ಉರುಳುವ ದಿಕ್ಕಿಗೇ ಇದೆಯಾ ನೋಡಿ. ಸ್ಪ್ಲೆಂಡರ್‌ನಂಥ ಡ್ರಮ್ ಬ್ರೇಕಿನ ಗಾಡಿಯಾದರೆ ಒಂದು ವಿಷಯಕ್ಕೆ ಕಣ್ಣಿಟ್ಟಿರಿ: ಬ್ರೇಕ್ ಪ್ಲೇಟಿನಲ್ಲಿರುವ ಸೀಳು ಶಾಕ್‌ನ ಮೇಲಿನ ಉಬ್ಬಿಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಬ್ರೇಕ್ ಹಾಕಿದ ಕೂಡಲೇ ಪ್ಲೇಟ್ ಚಕ್ರದ ಜೊತೆ ತಿರುಗಿ ಚಕ್ರ ಲಾಕ್ ಆಗುತ್ತದೆ, ಆಮೇಲೆ ಸವಾರ ಹ್ಯಾಂಡಲ್ ಮೇಲಿಂದ ಮುಂದೆ ಹೋಗಿ ಬೀಳುತ್ತಾನೆ. ಬ್ರೇಕ್ ಒತ್ತಿ ಹಿಡಿದು ನಟ್ ಬಿಗಿ ಮಾಡಿದರೆ ಒಳಗಿನ ಬ್ರೇಕ್ ಲೈನರ್ ಕೂಡ ನಡುವೆ ಕೂರುತ್ತದೆ.

ಬುಲೆಟ್‌ನ ಹಾಗೆ ಶಾಕ್‌ನ ತುದಿಯಲ್ಲಿ ಬೋಲ್ಟುಗಳಿರುವ ಗಾಡಿಯಲ್ಲಿ ಅವಸರ ಬೇಡ. ಮೊದಲು ಆಕ್ಸಲ್ ನಟ್, ಆಮೇಲೆ ಜ್ಯಾಕ್ ಇಳಿಸಿ ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಅನ್ನು ನಾಲ್ಕಾರು ಸಲ ಜೋರಾಗಿ ಕೆಳಕ್ಕೆ ಒತ್ತಿ. ಎರಡೂ ಶಾಕ್ ತಮ್ಮ ಜಾಗಕ್ಕೆ ಬರುತ್ತವೆ. ಆಮೇಲಷ್ಟೇ ಆ ಬೋಲ್ಟುಗಳನ್ನು ಬಿಗಿ ಮಾಡಿ. ಎಷ್ಟು ಬಿಗಿ ಅನ್ನೋದು ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ತೋಳ್ಬಲದ ಲೆಕ್ಕ ಬೇಡ. ಪಾನಾದ ಮೇಲೆ ಕಾಲಿಟ್ಟು ನಿಲ್ಲುವವರನ್ನು ನೋಡಿದ್ದೇನೆ, ಮುಂದಿನ ಸಲ ಬಿಚ್ಚುವವನ ಪಾಡು ದೇವರಿಗೇ ಪ್ರೀತಿ.

ಗೇಟು ದಾಟುವ ಮೊದಲು ಡಿಸ್ಕ್ ಬ್ರೇಕಿನ ಲಿವರ್ ಅನ್ನು ಗಟ್ಟಿಯಾಗುವ ತನಕ ಒತ್ತುತ್ತಾ ಇರಿ. ಪ್ಯಾಡ್ ಹಿಂದೆ ಸರಿದಿರುತ್ತದಲ್ವಾ, ಮೊದಲ ಒತ್ತಿಗೆ ಬ್ರೇಕೇ ಸಿಗುವುದಿಲ್ಲ. ನಮ್ಮ ಇಳಿಜಾರಿನ ಓಣಿಗಳಲ್ಲಿ ಅದು ಗೊತ್ತಾಗುವಷ್ಟರಲ್ಲಿ ರಸ್ತೆಗೆ ಬಂದಿರುತ್ತೇವೆ.

ಮಳೆ ನಿಂತು ಒಂದಿಷ್ಟು ಬಿಸಿಲು ಬಂದ ಮೇಲೆ ಒಂದು ಭಾನುವಾರ ಇದಕ್ಕೆ ಇಡಿ. ಕಾರವಾರದಲ್ಲಿ ಪರಿಚಯದವರು ಯಾರಿಗಾದರೂ ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ) ಬೇಕಿದ್ದರೆ ನನ್ನ ಹತ್ತಿರ ಇದೆ, ಒಯ್ಯಿರಿ. ಸೋಮವಾರ ವಾಪಸ್ ಬರಬೇಕು, ಅಷ್ಟೇ.