ದೆವ್ವಕ್ಕೂ ಆಫ್‌ಸೈಡ್

ದೆವ್ವಗಳು ಫುಟ್‌ಬಾಲ್ ಆಡುತ್ತಿವೆ ಅಂತ ಇಟ್ಟುಕೊಳ್ಳಿ. ಕಂಪ್ಯೂಟರ್‌ನಲ್ಲಿ ಮಾಡಿದ ಐದು ನಿಮಿಷದ ಕಾಮಿಡಿ ಚಿತ್ರ. ಈ ಕಡೆ ಹನ್ನೊಂದು ದೆವ್ವ, ಆ ಕಡೆ ಹನ್ನೊಂದು ಅಸ್ಥಿಪಂಜರ. ನನಗೆ ಕಾಡುವುದು ಒಂದೇ ಪ್ರಶ್ನೆ. ಗೋಡೆಯೊಳಗೆ ತೂರಿಹೋಗುವ ಕಾಲು ಚೆಂಡಿನೊಳಗೂ ತೂರಿಹೋಗಬೇಕು, ಅಲ್ವಾ? ಮತ್ತೆ ಒದೆಯುವುದು ಹೇಗೆ?

ತಮಾಷೆ ಏನೆಂದರೆ, ಕಂಪ್ಯೂಟರ್ ಒಳಗೆ ಹುಟ್ಟುವಾಗ ಎಲ್ಲವೂ ದೆವ್ವವೇ. ಅಲ್ಲಿ ಮಾಡಿದ ಮೇಜಿಗೆ ಹೊರಮೈ ಇದೆ, ಗಟ್ಟಿತನ ಇಲ್ಲ. ಲೋಟವನ್ನು ಸ್ವಲ್ಪ ಕೆಳಗೆ ಸರಿಸಿದರೆ ಮೇಜಿನೊಳಗೇ ಇಳಿದುಬಿಡುತ್ತದೆ. ಮೇಲೆತ್ತಿ ಕೈಬಿಟ್ಟರೆ ಬೀಳುವುದೂ ಇಲ್ಲ, ಸುಮ್ನೆ ಗಾಳಿಯಲ್ಲಿ ನಿಂತಿರುತ್ತದೆ. ಬೀಳಬೇಕಾದರೆ ಯಾರಾದರೂ ಬೀಳಿಸಬೇಕು, ತಾಗಬೇಕಾದರೆ ತಾಗುವ ಜಾಗದ ಲೆಕ್ಕ ಹಾಕಿಸಬೇಕು. ಅನಿಮೇಟರ್‌ಗೆ ದೆವ್ವ ಪುಕ್ಕಟೆ ಸಿಗುತ್ತದೆ. ಮನುಷ್ಯನೊಬ್ಬನನ್ನು ನೆಲದ ಮೇಲೆ ಸರಿಯಾಗಿ ನಿಲ್ಲಿಸುವುದಕ್ಕೇ ಬೆವರು ಸುರಿಸಬೇಕು.

ಆದ್ದರಿಂದ ಈ ಪಂದ್ಯದ ನಿಜವಾದ ಹೀರೋ ಚೆಂಡು. ಅನಿಮೇಷನ್ ಕಲಿಯುವವರ ಮೊದಲ ಪಾಠವೂ ಪುಟಿಯುವ ಚೆಂಡೇ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಮೇಲೆ ಹೋದ ಚೆಂಡು ತುದಿಯಲ್ಲಿ ತಡೆಯುತ್ತದೆ, ಅಲ್ಲಿ ಫ್ರೇಮ್‌ಗಳು ಒತ್ತೊತ್ತಾಗಿ ಕೂರುತ್ತವೆ. ಕೆಳಗಿಳಿಯುವಾಗ ದೂರ ದೂರ. ನೆಲ ತಾಗಿದಾಗ ಚಪ್ಪಟೆ, ಮತ್ತೆ ಉದ್ದ. ಇಷ್ಟು ಸರಿಯಾಗಿ ಬಂದರೆ ಖಾಲಿ ಗೋಳಕ್ಕೆ ತೂಕ ಬಂದುಬಿಡುತ್ತದೆ. 1986ರಲ್ಲಿ ಪಿಕ್ಸಾರ್ ಕಂಪನಿಯ ಅನಿಮೇಟರ್ ಜಾನ್ ಲ್ಯಾಸೆಟರ್ ಎರಡು ಟೇಬಲ್ ಲ್ಯಾಂಪ್, ಒಂದು ಚೆಂಡು ಇಟ್ಟುಕೊಂಡು ಕಂಪ್ಯೂಟರ್‌ನಲ್ಲಿ ಸುಮಾರು ಎರಡು ನಿಮಿಷದ ಚಿತ್ರ ಮಾಡಿದರು, ಹೆಸರು ‘ಲಕ್ಸೊ ಜೂನಿಯರ್’. ಲ್ಯಾಂಪಿಗೆ ಕಣ್ಣಿಲ್ಲ, ಬಾಯಿಲ್ಲ. ಆದರೂ ಚೆಂಡಿನ ಗಾಳಿ ಹೋದಾಗ ಮರಿ ಲ್ಯಾಂಪಿನ ಸಪ್ಪೆ ಮುಖ ನಮಗೆ ಕಂಡೇ ಕಾಣುತ್ತದೆ.

ನಮ್ಮ ದೆವ್ವಕ್ಕೆ ತೂಕ ಇಲ್ಲ, ಸರಿ. ಚೆಂಡು ಮಾತ್ರ ನಿಯಮದ ಪ್ರಕಾರ 410ರಿಂದ 450 ಗ್ರಾಂ ತೂಗಲೇಬೇಕು. ಅದು ರಪ್ಪನೆ ಬಂದು ಹೊಡೆದಾಗ ದೆವ್ವ ಹೊಗೆಯ ಹಾಗೆ ಚದುರಿ, ಮತ್ತೆ ಕೂಡಿಕೊಂಡು, ಏನೂ ಆಗದವನಂತೆ ಓಡಬೇಕು.

ಏನು ಬೇಕಾದರೂ ಮಾಡಬಲ್ಲ ದೆವ್ವ ನನಗೆ ಬೇಗ ಬೋರ್ ಹೊಡೆಸುತ್ತದೆ. ಮಾಯವಾಯಿತು, ಗೋಲು ಹೊಡೆಯಿತು, ಮುಗೀತು. ಅದೇ ದೆವ್ವ ರೆಫ್ರಿ ಸೀಟಿ ಊದಿದ ಕೂಡಲೇ ನಿಂತು, ಸೊಂಟದ ಮೇಲೆ ಕೈಯಿಟ್ಟು ವಾದಕ್ಕೆ ಇಳಿಯಲಿ ನೋಡಿ! ಭೂತದ ಬಾಯಲ್ಲಿ ಭಗವದ್ಗೀತೆ ಕೇಳಬೇಕಾದ ಜಾಗ ಅದೇ.

ವಾದಕ್ಕೆ ವಿಷಯಗಳೂ ಜಾಸ್ತಿ. ಚೆಂಡು ಪಾಸ್ ಆಗುವ ಹೊತ್ತಿಗೆ ಚೆಂಡನ್ನೂ ಎದುರಾಳಿಯ ಕಾವಲುಗಾರರನ್ನೂ ದಾಟಿ ಗೋಲಿನ ಕಡೆ ನಿಂತು ಆಟಕ್ಕೆ ಕೈಹಾಕಿದರೆ ಆಫ್‌ಸೈಡ್. ಈ ನಿಯಮದಲ್ಲಿ ಕೈ, ತೋಳು ಲೆಕ್ಕಕ್ಕಿಲ್ಲ. ತಲೆ, ಮೈ, ಕಾಲು ಲೆಕ್ಕಕ್ಕುಂಟು. ಅಸ್ಥಿಪಂಜರದ ತೋಳು ಕಳಚಿ ಗೋಲಿನ ಹತ್ತಿರ ಬಿದ್ದಿದ್ದರೆ ತೊಂದರೆಯಿಲ್ಲ. ತಲೆಬುರುಡೆ ಉರುಳಿಹೋಗಿದ್ದರೆ? ಮುಂಡ ಹಿಂದೆಯೇ ನಿಂತಿದೆ, ಪಾಪ. ಲೈನ್ಸ್‌ಮನ್ ಬಾವುಟ ಎತ್ತೇ ಎತ್ತುತ್ತಾನೆ.

ಕೊನೆಯಲ್ಲಿ ಇಂಜುರಿ ಟೈಮ್, ಗಾಯ ಗೀಯ ಅಂತ ಹಾಳಾದ ಹೊತ್ತಿಗೆ ಬದಲಾಗಿ ಸೇರಿಸುವ ನಿಮಿಷಗಳು. ಸತ್ತವರ ಪಂದ್ಯದಲ್ಲಿ ಗಾಯದ ಸಮಯ! ಆಗಲೇ ಒಂದು ಅಸ್ಥಿಪಂಜರ ಯಾರೂ ಮುಟ್ಟದಿದ್ದರೂ ಧೊಪ್ಪನೆ ಬಿದ್ದು, ಮೊಣಕಾಲು ಹಿಡಿದುಕೊಂಡು ಹೊರಳಾಡುತ್ತದೆ. ರೆಫ್ರಿ ನಂಬುವುದಿಲ್ಲ. ಅದು ಮೊಣಕಾಲನ್ನು ಬಿಚ್ಚಿ ಅವನ ಕೈಗೇ ಕೊಟ್ಟು, ಮತ್ತೆ ಮಲಗಿ ನರಳುತ್ತದೆ.